ಮಾತು ಮುಗಿಯುವವರೆಗೆ ಕೇಳುವ ಸಭೆ

ವಿಚಾರ ಸಂಕಿರಣದ ಆಹ್ವಾನ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಪುತ್ತೂರು, ಸುಳ್ಯ, ಕಡಬದ ಕಾಲೇಜುಗಳ ಹುಡುಗಿಯರು, ಅಧ್ಯಾಪಕಿಯರು ಮೊದಲು ಕೇಳುವುದು ಎರಡು ಪ್ರಶ್ನೆ. ಸರ್ಟಿಫಿಕೇಟ್ ಕೊಡುತ್ತಾರಾ? ಸಂಜೆ ಎಷ್ಟು ಗಂಟೆಗೆ ಬಿಡುತ್ತಾರೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಬಡ್ತಿಗೆ ಪ್ರಮಾಣಪತ್ರ ಬೇಕು, ಮನೆಗೆ ಕೊನೆಯ ಬಸ್ಸು ಸಿಗಬೇಕು. ಆದರೆ ಸ್ತ್ರೀವಾದಿ ಸಂಕಿರಣಕ್ಕೆ ಮೊದಲ ಸಲ ಹೊರಟವರು ಇನ್ನೊಂದನ್ನೂ ಕೇಳಿಕೊಳ್ಳಬೇಕು: ಅಲ್ಲಿ ಮಾತನಾಡಲು ಎದ್ದವಳ ಮಾತನ್ನು ಮುಗಿಯುವವರೆಗೆ ಕೇಳುತ್ತಾರೆಯೇ? ಎಷ್ಟೋ ಸಭೆಗಳಲ್ಲಿ ಕೂತು ಎದ್ದ ಮೇಲೆ ಒಳ್ಳೆಯ ಸಂಕಿರಣಕ್ಕೆ ನನ್ನಲ್ಲಿ ಉಳಿದಿರುವ ಅಳತೆಗೋಲು ಇದೊಂದೇ.

ಈ ಅಳತೆಗೋಲನ್ನು ನಾವು ದೂರದಿಂದ ತರಬೇಕಾಗಿಲ್ಲ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1981ರಲ್ಲಿ. ತಲಾಖ್‌ನ ಹೆಸರಿನಲ್ಲಿ ಹೆಣ್ಣಿನ ಬದುಕು ಏನಾಗುತ್ತದೆ ಎಂದು ಒಳಗಿನವರೇ ಒಬ್ಬರು ಬರೆದದ್ದು ಬಹಳ ಮಂದಿಗೆ ಸಹಿಸಲಾಗಲಿಲ್ಲ. 1985ರಲ್ಲಿ ನಮ್ಮ ಪುತ್ತೂರಿನ ಸಾಹಿತ್ಯ ಸಭೆಯೊಂದಕ್ಕೆ ಅವರನ್ನು ಕರೆದು, ಆಮೇಲೆ ಮಾತನಾಡುವ ಅವಕಾಶ ನಿರಾಕರಿಸಲಾಯಿತು. ಅವರ ಮೇಲೆ ಹಲ್ಲೆಯ ಪ್ರಯತ್ನವೂ ನಡೆಯಿತು. ಸಾರಾ ಬರೆಯುವುದನ್ನು ನಿಲ್ಲಿಸಲಿಲ್ಲ. 2023ರ ಜನವರಿಯಲ್ಲಿ ತೀರಿಕೊಳ್ಳುವ ಹೊತ್ತಿಗೆ ಕರಾವಳಿಯ ಬರೆಯುವ ಹೆಣ್ಣುಮಕ್ಕಳೆಲ್ಲರಿಗೂ ಅವರು ಹಿರಿಯಕ್ಕ ಆಗಿದ್ದರು. ಹೆಣ್ಣೊಬ್ಬಳಿಗೆ ಮೈಕು ಸಿಗುವುದು, ಸಿಕ್ಕ ಮೈಕು ಕೈಯಲ್ಲಿ ಉಳಿಯುವುದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಲು ನಮ್ಮ ಊರಿನವರಿಗೆ ಬೇರೆ ಪಾಠ ಬೇಡ.

ಹೆಣ್ಣಿನ ಮಾತನ್ನು ಮುಗಿಯುವವರೆಗೆ ಕೇಳುವ ಸಭೆಗಳ ಸ್ನೇಹಕ್ಕೆ ಒಂದು ಚರಿತ್ರೆಯಿದೆ. ಭಾರತದ ಮಹಿಳೆಯರ ಸ್ಥಿತಿಗತಿ ಅರಿಯಲು ಕೇಂದ್ರ ಸರಕಾರ ನೇಮಿಸಿದ ಸಮಿತಿ 1974ರಲ್ಲಿ ‘ಸಮಾನತೆಯ ಕಡೆಗೆ’ ಎಂಬ ವರದಿ ಕೊಟ್ಟಿತು. ವೀಣಾ ಮಜುಂದಾರ್ ಅದರ ಸದಸ್ಯ ಕಾರ್ಯದರ್ಶಿಯಾಗಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಹೆಣ್ಣಿನ ಸ್ಥಿತಿ ಹಲವು ವಿಷಯಗಳಲ್ಲಿ ಹಿಂದಕ್ಕೇ ಸರಿದಿದೆ ಎಂಬ ಅದರ ಮಾತು ಓದಿದವರ ನಿದ್ದೆಗೆಡಿಸಿತು. 1981ರಲ್ಲಿ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನದ ಮೊದಲ ರಾಷ್ಟ್ರೀಯ ಸಮ್ಮೇಳನ ಸೇರಿತು. ಅದರ ಫಲವಾಗಿ 1982ರಲ್ಲಿ ಭಾರತೀಯ ಮಹಿಳಾ ಅಧ್ಯಯನ ಸಂಘ ಹುಟ್ಟಿತು. ಅದರ ಆರನೆಯ ಸಮ್ಮೇಳನ 1993ರಲ್ಲಿ ಮೈಸೂರಿನಲ್ಲೇ ನಡೆಯಿತು. ಪ್ರಾಧ್ಯಾಪಕಿಯರು, ಸಂಘಟನೆಯ ಕಾರ್ಯಕರ್ತೆಯರು, ವಿದ್ಯಾರ್ಥಿನಿಯರು ಒಂದೇ ಸಭೆಯಲ್ಲಿ ಕೂರುವ ಕ್ರಮ ಈ ಸಮ್ಮೇಳನಗಳಿಂದ ಬೆಳೆದು ಬಂದದ್ದು. ಮೈಸೂರಿನಲ್ಲಿ ಲೇಖಕಿ ವಿಜಯಾ ದಬ್ಬೆಯವರ ‘ಸಮತಾ’ ಬಳಗ ಕನ್ನಡದಲ್ಲಿ ಇದೇ ಕೆಲಸ ಮಾಡಿತು. ನಮ್ಮ ಕಡೆ ಕರಾವಳಿ ಲೇಖಕಿಯರ ವಾಚಕಿಯರ ಸಂಘ ಹೆಸರಿನಲ್ಲೇ ಓದುವವಳನ್ನು ಬರೆಯುವವಳ ಪಕ್ಕದಲ್ಲಿ ಕೂರಿಸಿತು. ಆದ್ದರಿಂದ ಹೊಸಬರು ನೆನಪಿಡಬೇಕಾದ ಮೊದಲ ಮಾತು: ಈ ಸಭೆಗೆ ನೀವು ಹೊರಗಿನವರಲ್ಲ.

ಯಾವ ಸಭೆಗೆ ಹೋಗಬೇಕು? ಎಲ್ಲ ಕರಪತ್ರಗಳನ್ನೂ ನಂಬಬೇಡಿ. ಹತ್ತು ವಿಷಯಗಳಿಗೆ ಒಂದೇ ‘ಅಂತಾರಾಷ್ಟ್ರೀಯ’ ಸಂಕಿರಣ, ಪ್ರಬಂಧ ಕಳಿಸಿದ ಮರುದಿನವೇ ಒಪ್ಪಿಗೆ, ದೊಡ್ಡ ಶುಲ್ಕ, ಹಾಜರಿ ಇಲ್ಲದಿದ್ದರೂ ಪ್ರಮಾಣಪತ್ರ. ಇಂಥದ್ದು ಕಂಡರೆ ದೂರವಿರಿ. ಒಳ್ಳೆಯ ಕರಪತ್ರದಲ್ಲಿ ವಿಷಯ ಒಂದೇ ಇರುತ್ತದೆ, ಗೋಷ್ಠಿಗಳ ಅಧ್ಯಕ್ಷರ ಹೆಸರಿರುತ್ತದೆ, ಸಂವಾದಕ್ಕೆ ಸಮಯ ಬರೆದಿರುತ್ತದೆ. ವಿದ್ಯಾರ್ಥಿಗಳಿಗೆ ಶುಲ್ಕ ಕಡಿಮೆ ಇರುತ್ತದೆ. ಮೊದಲ ಸಲ ಹೋಗುವವರು ನಿಮ್ಮದೇ ತಾಲೂಕಿನ ಕಾಲೇಜೊಂದರ ಒಂದು ದಿನದ ಸಂಕಿರಣಕ್ಕೆ ಹೋಗಿ ಕೇಳಿ ಬನ್ನಿ. ಎರಡನೆಯದಕ್ಕೆ ಮಂಗಳೂರು ವಿಶ್ವವಿದ್ಯಾಲಯ, ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಮಹಿಳಾ ದೌರ್ಜನ್ಯ ವಿರೋಧಿ ಒಕ್ಕೂಟ 2013ರ ಮಾರ್ಚ್ 8ರಂದು ಮಂಗಳೂರಿನಲ್ಲಿ ಸೇರಿ, ಬಳಿಕ ಬೇರೆ ಬೇರೆ ಜಿಲ್ಲೆಗಳಲ್ಲಿ ನಡೆಸುತ್ತ ಬಂದ ಸಮಾವೇಶಗಳೂ ಕಲಿಯುವವರಿಗೆ ತೆರೆದ ಪಾಠಶಾಲೆ. ಅಲ್ಲಿ ವಿಚಾರಗೋಷ್ಠಿ ಇರುತ್ತದೆ, ಜಾಥಾ ಇರುತ್ತದೆ, ಹಾಡು ಇರುತ್ತದೆ.

ಪ್ರಬಂಧ ಮಂಡಿಸುವ ಮನಸ್ಸಿದ್ದರೆ ವಿಷಯವನ್ನು ಮನೆಯ ಜಗಲಿಯಿಂದಲೇ ಆರಿಸಿಕೊಳ್ಳಿ. ನಮ್ಮ ಮೂರು ತಾಲೂಕುಗಳಲ್ಲಿ ಇರುವಷ್ಟು ವಿಷಯ ಯಾವ ಗ್ರಂಥಾಲಯದಲ್ಲೂ ಇಲ್ಲ. ಅಮ್ಮ ಕಟ್ಟಿದ ಬೀಡಿ ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಬೀಡಿ ಕಂಪನಿಯ ಬ್ರಾಂಚಿಗೆ ಹೋಗುತ್ತದೆ. ಸರಿಯಿಲ್ಲವೆಂದು ತಿರಸ್ಕರಿಸಿದ ಬೀಡಿಯ ನಷ್ಟ ಯಾರ ಮೇಲೆ ಬೀಳುತ್ತದೆ? ಅಡಿಕೆ ಸುಲಿಯುವ ಹೆಂಗಸಿನ ದುಡಿಮೆ ಅಡಿಕೆ ಧಾರಣೆಯ ಚರ್ಚೆಯಲ್ಲಿ ಎಲ್ಲಿದೆ? ದನದ ಚಾಕರಿ ಹೆಂಡತಿಯದು, ಹಾಲಿನ ಸೊಸೈಟಿಯ ಸದಸ್ಯತ್ವ ಯಾರ ಹೆಸರಿನಲ್ಲಿದೆ? ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ವಂಶದಲ್ಲಿ ಹರಿಯುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ನಿಮ್ಮ ಅಜ್ಜಿಯ ಪಾಲು ಏನಾಯಿತು? ಸುಳ್ಯದ ಕಡೆಯ ರಬ್ಬರ್ ತೋಟಗಳಲ್ಲಿ, 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿವೆ. ನಸುಕಿನಲ್ಲೇ ಟ್ಯಾಪಿಂಗ್‌ಗೆ ಹೊರಡುವ ಆ ಹೆಂಗಸರನ್ನು ಮಾತನಾಡಿಸಿದ್ದೀರಾ? ಗದ್ದೆ ನಾಟಿಯಲ್ಲಿ ತುಳುವಿನ ಹಾಡುಕಥೆ ಪಾಡ್ದನ ಹೇಳುತ್ತಿದ್ದ ಬಾಯಿಗಳು ಗದ್ದೆಗಳು ಅಡಿಕೆ ತೋಟವಾದ ಮೇಲೆ ಏನು ಹೇಳುತ್ತಿವೆ? ದೊಡ್ಡ ಸಿದ್ಧಾಂತಗಳ ಹೆಸರನ್ನು ಉರು ಹೊಡೆದು ಒಪ್ಪಿಸುವುದಕ್ಕಿಂತ ಇಂಥ ಒಂದು ಪ್ರಶ್ನೆಯನ್ನು ಹಿಡಿದು ಹತ್ತು ಮನೆಗಳಿಗೆ ಹೋಗಿ ಬನ್ನಿ. ಸಿದ್ಧಾಂತ ಆಗ ತಾನಾಗಿ ಬೇಕೆನಿಸುತ್ತದೆ, ಓದಿದ್ದು ಅರ್ಥವೂ ಆಗುತ್ತದೆ.

ಮೊದಲು ಕಳಿಸಬೇಕಾದದ್ದು ಸಾರಲೇಖ. ಯಾವ ಪ್ರಶ್ನೆ, ಯಾರನ್ನು ಮಾತನಾಡಿಸಿದ್ದೀರಿ, ಏನು ಕಂಡಿತು ಎಂಬ ಮೂರು ಸಂಗತಿ ಅದರಲ್ಲಿದ್ದರೆ ಸಾಕು. ಮಂಡನೆಗೆ ಸಾಮಾನ್ಯವಾಗಿ ಹದಿನೈದು ನಿಮಿಷ ಸಿಗುತ್ತದೆ. ಹನ್ನೆರಡು ನಿಮಿಷಕ್ಕೆ ಸಿದ್ಧಮಾಡಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ವೇದಿಕೆಯ ಮೇಲಿರುವ ಎಲ್ಲರನ್ನೂ ಹೆಸರು ಹಿಡಿದು ವಂದಿಸುವುದರಲ್ಲೇ ಎರಡು ನಿಮಿಷ ಕಳೆಯಬೇಡಿ. ನೀವು ಮಾತನಾಡಿಸಿದ ಬೀಡಿ ಕಟ್ಟುವ ಅಕ್ಕ ತುಳುವಿನಲ್ಲೋ ಅರೆಭಾಷೆಯಲ್ಲೋ ಬ್ಯಾರಿಯಲ್ಲೋ ಹೇಳಿದ ಮಾತನ್ನು ಹಾಗೆಯೇ ಓದಿ, ಆಮೇಲೆ ಕನ್ನಡದಲ್ಲಿ ವಿವರಿಸಿ. ಪ್ರಬಂಧದ ಜೀವ ಇರುವುದು ಅಲ್ಲಿ.

ಕೇಳುವುದಕ್ಕೂ ಕ್ರಮವಿದೆ. ನಿಮ್ಮ ಮಂಡನೆ ಮುಗಿದ ಕೂಡಲೇ ಬ್ಯಾಗು ಎತ್ತಿಕೊಂಡು ಹೊರಡಬೇಡಿ. ನಿಮ್ಮ ನಂತರ ಮಾತನಾಡುವವಳೂ ನಿಮ್ಮ ಹಾಗೆಯೇ ಹೊಸಬಳು. ಸಂವಾದದಲ್ಲಿ ಒಂದೇ ಪ್ರಶ್ನೆ ಕೇಳಿ, ಚಿಕ್ಕದಾಗಿ ಕೇಳಿ. ಪ್ರಶ್ನೆಯ ಹೆಸರಿನಲ್ಲಿ ಭಾಷಣ ಮಾಡುವ ಹಿರಿಯರು ಎಲ್ಲ ಕಡೆ ಇರುತ್ತಾರೆ, ಅವರನ್ನು ಮಾದರಿ ಮಾಡಿಕೊಳ್ಳಬೇಡಿ. ಮಂಡಿಸಿದವಳಿಗೆ ಮುಂದೆ ಬರೆಯಲು ನೆರವಾಗುವುದು ಒಳ್ಳೆಯ ಪ್ರಶ್ನೆ: ‘ಈ ಮಾತನ್ನು ಹೇಳಿದವರು ಯಾವ ವಯಸ್ಸಿನವರು?’, ‘ಗಂಡಸರನ್ನು ಕೇಳಿದಿರಾ?’ ಇಷ್ಟು ಸಾಕು. ಒಪ್ಪಿಗೆಯಿಲ್ಲದಿದ್ದರೆ ಖಂಡಿತ ಹೇಳಿ. ಸ್ನೇಹದ ಸಭೆ ಎಂದರೆ ತಲೆಯಾಡಿಸುವ ಸಭೆಯಲ್ಲ. ದಲಿತ ಹೆಣ್ಣುಮಕ್ಕಳು, ಮುಸ್ಲಿಂ ಹೆಣ್ಣುಮಕ್ಕಳು ‘ನೀವು ಹೇಳುವ ಹೆಣ್ಣು ಯಾರು?’ ಎಂದು ಕೇಳಿದ್ದರಿಂದಲೇ ಸ್ತ್ರೀವಾದ ಬೆಳೆದಿದೆ. ಆ ಪ್ರಶ್ನೆ ನಿಮ್ಮ ಪ್ರಬಂಧಕ್ಕೂ ಬಂದರೆ ನೊಂದುಕೊಳ್ಳದೆ ಬರೆದಿಟ್ಟುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಇಂಥ ಸಭೆಗಳಲ್ಲಿ ಕೆಲವರು ತಮ್ಮ ಬದುಕಿನ ನೋವನ್ನು ಹೇಳಿಕೊಳ್ಳುತ್ತಾರೆ. ಆ ಹೊತ್ತಿಗೆ ಮೊಬೈಲ್ ಕೆಳಗಿಡಿ. ಫೋಟೊ, ವಿಡಿಯೊ, ಸ್ಟೇಟಸ್ ಯಾವುದೂ ಅವರ ಒಪ್ಪಿಗೆಯಿಲ್ಲದೆ ಕೂಡದು. ನಮ್ಮದು ಎಲ್ಲರಿಗೆ ಎಲ್ಲರೂ ಗೊತ್ತಿರುವ ಊರು. ಹೆಸರು ಬಿಟ್ಟು ಹೇಳಿದರೂ ಮನೆ ಯಾವುದೆಂದು ಗುರುತಾಗುತ್ತದೆ. ನಿಮ್ಮ ಪ್ರಬಂಧದಲ್ಲಿ ಬರುವ ಹೆಂಗಸರ ಹೆಸರು, ಊರುಗಳನ್ನೂ ಇದೇ ಎಚ್ಚರದಲ್ಲಿ ಬದಲಿಸಿ. ನಿಮಗೇ ಯಾರಿಂದಾದರೂ ಕಿರುಕುಳವಾದರೆ ಸುಮ್ಮನಿರಬೇಡಿ. ಯುಜಿಸಿಯ 2015ರ ನಿಯಮಾವಳಿಯಂತೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಸದಸ್ಯರು ಯಾರೆಂದು ನೋಂದಣಿ ಮಾಡಿಸುವಾಗಲೇ ಕೇಳುವುದು ನಿಮ್ಮ ಹಕ್ಕು.

ಪ್ರಯಾಣ ಮೊದಲಿನಷ್ಟು ಕಷ್ಟವಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸುಗಳು ರಾಜ್ಯದೊಳಗೆ ಹೆಂಗಸರಿಗೆ ಉಚಿತ. ರೈಲಾದರೆ ಕಬಕ ಪುತ್ತೂರು ನಿಲ್ದಾಣವಿದೆ, ಕಡಬದವರಿಗೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ಇದೆ. ಒಬ್ಬಳನ್ನೇ ಕಳಿಸಲು ಮನೆಯಲ್ಲಿ ಹೆದರಿದರೆ ಗೆಳತಿಯನ್ನು ಜೊತೆ ಮಾಡಿಕೊಳ್ಳಿ. ಚಿಕ್ಕ ಮಗುವಿದ್ದರೆ ಸಂಘಟಕರಿಗೆ ಮೊದಲೇ ಫೋನ್ ಮಾಡಿ ವ್ಯವಸ್ಥೆ ಕೇಳಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ತಾನೇ ವ್ಯವಸ್ಥೆ ಆಗುವುದು. ಚಹಾ ವಿರಾಮದಲ್ಲಿ ನಿಮ್ಮ ಕಾಲೇಜಿನವರ ಗುಂಪಿನಲ್ಲೇ ನಿಲ್ಲಬೇಡಿ. ನೀವು ಓದಿದ ಪುಸ್ತಕ ಬರೆದವರು ಅಲ್ಲೇ ಲೋಟ ಹಿಡಿದು ನಿಂತಿರುತ್ತಾರೆ. ಹತ್ತಿರ ಹೋಗಿ, ‘ಮೇಡಂ, ನಾನು ಸುಳ್ಯದವಳು, ಇಂಥ ವಿಷಯ ಬರೆಯುತ್ತಿದ್ದೇನೆ’ ಎನ್ನಿ.

ಕೊನೆಯದಾಗಿ ನಮ್ಮ ಕಾಲೇಜುಗಳ ಪ್ರಾಂಶುಪಾಲರಲ್ಲಿ, ವಿಭಾಗ ಮುಖ್ಯಸ್ಥರಲ್ಲಿ ಒಂದು ಕೋರಿಕೆ. ಉದ್ಘಾಟನೆಗೆ ಎರಡು ಗಂಟೆ, ಸಂವಾದಕ್ಕೆ ಹತ್ತು ನಿಮಿಷ ಎಂಬ ಲೆಕ್ಕವನ್ನು ತಿರುಗಿಸಿ. ಪ್ರತಿ ಸಂಕಿರಣದಲ್ಲೂ ಒಂದು ಗೋಷ್ಠಿಯನ್ನು ಮೊದಲ ಸಲ ಮಂಡಿಸುವವರಿಗೇ ಮೀಸಲಿಡಿ. ಸಂಜೆ ಬಸ್ಸಿನ ಹೊತ್ತು ನೋಡಿ ಮುಗಿಸಿ. ಹುಡುಗರನ್ನೂ ಕರೆಯಿರಿ, ಅವರು ಕೂತು ಕೇಳಲಿ. 1985ರಲ್ಲಿ ಸಾರಾ ಅವರಿಗೆ ಮಾತಿನ ಅವಕಾಶ ತಪ್ಪಿಸಿದ ಊರು ಎಂಬ ಹೆಸರು ಪುತ್ತೂರಿಗಿದೆ. ಹುಡುಗಿಯೊಬ್ಬಳ ಮೊದಲ ಪ್ರಬಂಧವನ್ನು ಕೊನೆಯ ಸಾಲಿನವರೆಗೆ ಕೇಳುವ ಸಭೆಗಳನ್ನು ನಡೆಸುವುದೇ ಅದಕ್ಕೆ ನಾವು ಕೊಡಬಹುದಾದ ಉತ್ತರ.