ಜಜ್ಜಿಹೋದ ಹೃದಯ ಯಾರದು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಸಭೆಗಳಲ್ಲಿ ಉಜ್ಜೀವನ ಕೂಟಗಳು ನಡೆಯುವಾಗ ಐವತ್ತೊಂದನೆಯ ಕೀರ್ತನೆಯ ಮೇಲೆ ಒಂದು ಪ್ರಸಂಗವಾದರೂ ಇರುವುದು ವಾಡಿಕೆ. ದೇವರಿಗೆ ಮೀಸಲಾದ ಹೃದಯದ ಗುಣಗಳೆಂದು ಪ್ರಸಂಗಿಗಳು ದೀನತೆಯನ್ನೂ ಪಶ್ಚಾತ್ತಾಪವನ್ನೂ ಕಣ್ಣೀರನ್ನೂ ಎಣಿಸುತ್ತಾರೆ. ದಾವೀದನನ್ನು ಮಾದರಿಯಾಗಿ ನಿಲ್ಲಿಸುತ್ತಾರೆ. ಈ ಬೋಧನೆ ಸುಳ್ಳೆಂದು ನಾವು ಹೇಳುವುದಿಲ್ಲ; ಅದು ಅರ್ಧವೆಂದು ಹೇಳುತ್ತೇವೆ. ಆ ಅರ್ಧವನ್ನು ಕೇಳುತ್ತಿರುವವರು ಯಾರೆಂದು ನೋಡಿದರೆ ಅದು ಹಾನಿಕರವೂ ಆಗಿದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತಕ್ಕೆ ನಾಟಿ ಹಚ್ಚುವವರು, ಕಳೆ ಕೀಳುವವರು, ಸುಗ್ಗಿ ಮುಗಿದೊಡನೆ ಗುಳೆ ಹೋಗುವವರು ನಮ್ಮ ಸಭೆಗಳ ಚಾಪೆಗಳ ಮೇಲೆ ಕುಳಿತಿದ್ದಾರೆ. ಅವರಲ್ಲಿ ದಲಿತ ಮೂಲದ ಕುಟುಂಬಗಳು ಕಡಿಮೆಯಲ್ಲ. ವಾರವೆಲ್ಲ ತಲೆ ತಗ್ಗಿಸಿ ದುಡಿದವಳಿಗೆ ಭಾನುವಾರವೂ ತಲೆ ತಗ್ಗಿಸೆಂದು ಹೇಳುವುದು ಸುವಾರ್ತೆಯೋ?

ಕೀರ್ತನೆಯ ತಲೆಬರಹವನ್ನೇ ನೋಡೋಣ. ಬತ್ಷೆಬೆಯ ಪ್ರಕರಣದ ನಂತರ ಪ್ರವಾದಿಯಾದ ನಾತಾನನು ಬಂದಾಗ ದಾವೀದನು ಮಾಡಿದ ಪ್ರಾರ್ಥನೆಯೆಂದು ಅದು ತಿಳಿಸುತ್ತದೆ. ನಾತಾನನು ಅರಸನಿಗೆ ಹೃದಯದ ಗುಣಗಳನ್ನು ಬೋಧಿಸಲಿಲ್ಲ. ಬಹಳ ಹಿಂಡುಗಳಿದ್ದ ಧನಿಕನು ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆಯನ್ನು ಹೇಳಿದನು. ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದ ಅಧಿಕಾರವು ಆ ಕಥೆಯಿಂದ ಮುರಿಯಿತು. ನಾತಾನನನ್ನು ಬಿಟ್ಟು ಕೀರ್ತನೆಯನ್ನು ಮಾತ್ರ ಪ್ರಸಂಗಿಸುವವರು ಮದ್ದನ್ನು ರೋಗವಿಲ್ಲದವರಿಗೆ ಹಂಚುತ್ತಾರೆ. ರೋಗಿಯು ಊರಿನ ದೊಡ್ಡಮನೆಯಲ್ಲಿ ನೆಮ್ಮದಿಯಾಗಿ ಉಳಿಯುತ್ತಾನೆ.

ಮೂಲಭಾಷೆಯೂ ಇದಕ್ಕೆ ಸಾಕ್ಷಿ. ಇಬ್ರಿಯದ 'ಲೇವ್' ಭಾವನೆಯ ನೆಲೆ ಮಾತ್ರವಲ್ಲ. ಆಲೋಚನೆ, ನಿರ್ಣಯ, ವಿವೇಕಗಳ ನೆಲೆ. ಸೊಲೊಮೋನನು ಬೇಡಿಕೊಂಡದ್ದು ಆಲಿಸುವ 'ಲೇವ್'. ಅದರ ಉದ್ದೇಶ ಜನರಿಗೆ ನ್ಯಾಯತೀರಿಸುವುದು. ಕೀರ್ತನೆಯಲ್ಲಿ 'ಜಜ್ಜಿಹೋದ' ಎಂಬರ್ಥದ ಪದದ ಸೋದರ ಧಾತುವನ್ನು ಯೆಶಾಯನು ಮೂರನೆಯ ಅಧ್ಯಾಯದಲ್ಲಿ ಬಳಸುತ್ತಾನೆ. ಅಲ್ಲಿ ಜನರನ್ನು ಜಜ್ಜುವವರು ಹಿರಿಯರೂ ಅಧಿಪತಿಗಳೂ. ಕರ್ತನು ಅವರನ್ನೇ ನ್ಯಾಯವಿಚಾರಣೆಗೆ ಕರೆಯುತ್ತಾನೆ. ತಾನಾಗಿ ಜಜ್ಜಿಕೊಂಡ ಹೃದಯವೂ ಪರರು ಜಜ್ಜಿದ ಬದುಕೂ ಒಂದೇ ಅಲ್ಲ. ಮೊದಲನೆಯದನ್ನು ದೇವರು ಯಜ್ಞವಾಗಿ ಸ್ವೀಕರಿಸುತ್ತಾನೆ, ಎರಡನೆಯದಕ್ಕಾಗಿ ಲೆಕ್ಕ ಕೇಳುತ್ತಾನೆ.

ಹಾಗಾದರೆ ಕೂಲಿಕಾರಳಿಗೆ ಪಾಪವಿಲ್ಲವೋ ಎಂದು ಕೇಳುವವರುಂಟು. ಉಂಟು. ಆಕೆಯ ಅಸೂಯೆ, ಸುಳ್ಳು, ಸೊಸೆಯ ಮೇಲಿನ ಕಾಠಿಣ್ಯ ಇವೆಲ್ಲಕ್ಕೂ ಕ್ಷಮೆ ಬೇಕು. ಆದರೆ ಆಕೆಯ ದಣಿವು ಪಾಪವಲ್ಲ, ಕಳೆದ ಕೂಲಿಯನ್ನು ಕೇಳುವುದು ಅಹಂಕಾರವಲ್ಲ. ಈ ಭೇದವನ್ನು ಮಾಡದ ಪ್ರಸಂಗಿ ಪಶ್ಚಾತ್ತಾಪವನ್ನೂ ಹೊಂದಾಣಿಕೆಯನ್ನೂ ಒಂದಾಗಿಸುತ್ತಾನೆ.

(ಇದೇ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಅಶೋಕನ ಶಾಸನವು, ಆ ಗುರಿಯನ್ನು ದೊಡ್ಡವರು ಮಾತ್ರ ಮುಟ್ಟಬಲ್ಲರೆಂದು ಎಣಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎನ್ನುತ್ತದೆ. ಇಬ್ಬರಿಗೂ ಹೇಳಬೇಕು, ನಿಜ. ಆದರೆ ಒಂದೇ ಮಾತು ಇಬ್ಬರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ.)

ಈ ಸಭೆಗಳಿಗೆ ಮಾದರಿ ಬೇಕಾದರೆ ದಾವೀದನಿಗಿಂತ ಮುಂಚೆ ಅದೇ ಸಮುವೇಲನ ಗ್ರಂಥದ ಮೊದಲ ಅಧ್ಯಾಯವನ್ನು ತೆರೆಯಬಹುದು. ಹನ್ನಳು ಹೃದಯದೊಳಗೇ ಮಾತಾಡುತ್ತಿದ್ದಳು. ತುಟಿಗಳು ಮಾತ್ರ ಅಲುಗುತ್ತಿದ್ದವು. ಯಾಜಕನಾದ ಏಲಿಯು ಆಕೆಯನ್ನು ಕುಡಿದವಳೆಂದು ಭಾವಿಸಿ ಗದರಿಸಿದನು. ಆಕೆ ಅಳುತ್ತಿದ್ದಳು, ಆದರೂ ಆ ಗದರಿಕೆಗೆ ತಲೆಬಾಗಲಿಲ್ಲ. ತಾನು ಕುಡಿದಿಲ್ಲ, ತನ್ನನ್ನು ಅಯೋಗ್ಯಳೆಂದು ಎಣಿಸಬೇಡವೆಂದು ಯಾಜಕನ ಎದುರಿಗೇ ಗೌರವದಿಂದ ತಿದ್ದಿದಳು. ಏಲಿಯು ತನ್ನ ಮಾತನ್ನು ಹಿಂತೆಗೆದುಕೊಂಡು ಆಕೆಯನ್ನು ಸಮಾಧಾನದಿಂದ ಕಳುಹಿಸಿದನು. ಈ ಅಧ್ಯಾಯದಲ್ಲಿ ಹೃದಯವನ್ನು ತಪ್ಪಾಗಿ ಓದಿದವನು ಅಭಿಷೇಕ ಹೊಂದಿದ ನಮ್ಮಂಥವನೇ. ಕೂಟದಲ್ಲಿ ಕಣ್ಣೀರನ್ನು ಕಂಡೊಡನೆ ಪಶ್ಚಾತ್ತಾಪವೆಂದು ಹೆಸರಿಡುವ ಮುನ್ನ ನಾವು ಏಲಿಯ ಸ್ಥಾನದಲ್ಲಿ ಕುಳಿತು ಆ ಹೆಂಗಸನ್ನು ಕೇಳಬೇಕು: ಅಮ್ಮಾ, ಏನಾಯಿತು?