ಹೊಳೆಯುವ ಕಾವು, ಹೊಡೆಯುವ ಕಾವು

ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿದ್ದ ಕೊಡಲಿಯನ್ನು ಇಳಿಸಿ, ಉಜ್ಜಿ, ಅದಕ್ಕೆ ತಾವೇ ಕಾವು ಕೆತ್ತಿ ಹಾಕುವವರನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತ ಕೈಗೆ ಮರದ ಪರಿಚಯವಾಗುವುದು ಸಣ್ಣ ಮಾತಲ್ಲ. ಆದರೆ ಹೀಗೆ ಹವ್ಯಾಸಕ್ಕೆಂದು ಮಾಡಿದ ಕಾವುಗಳನ್ನು ಕೈಯಲ್ಲಿ ಹಿಡಿದಾಗಲೆಲ್ಲ ಒಂದೇ ಕೊರತೆ ಕಾಣುತ್ತದೆ. ಅವು ನೋಡುವುದಕ್ಕೆ ಮಾಡಿದಂತಿರುತ್ತವೆ, ಕಡಿಯುವುದಕ್ಕಲ್ಲ.

ದೋಷ ಶುರುವಾಗುವುದು ಸಾಮಿಲ್ಲಿನಲ್ಲಿ. ಅಲ್ಲಿಂದ ತಂದ ಹಲಗೆ ನೇರವಾಗಿ, ನಯವಾಗಿ ಇರುತ್ತದೆ ನಿಜ. ಆದರೆ ಗರಗಸಕ್ಕೆ ಮರದ ಎಳೆಯ ಹಂಗಿಲ್ಲ. ಎಳೆ ಓರೆಯಾಗಿ ಓಡಿದ್ದರೂ ಅದು ನೇರವಾಗಿಯೇ ಕೊಯ್ಯುತ್ತದೆ. ಅಂಥ ಹಲಗೆಯಿಂದ ತೆಗೆದ ಕಾವಿನಲ್ಲಿ ಎಳೆಗಳು ತುದಿಯಿಂದ ತುದಿಗೆ ಹೋಗದೆ ಮಧ್ಯದಲ್ಲೇ ಪಕ್ಕಕ್ಕೆ ಹೊರಬೀಳುತ್ತವೆ. ಪೆಟ್ಟು ಬಿದ್ದಾಗ ಕಾವು ಸೀಳುವುದು ಅಲ್ಲೇ. ನನ್ನ ಮೊದಲ ಕಾವು ಹಾಗೆಯೇ ಹೋಯಿತು. ತೇಗದ ಹಲಗೆ ಅದು, ಎಂಟು ದಿನ ಕೂತು ಕೆತ್ತಿದ್ದೆ. ಎರಡನೆಯ ದಿಮ್ಮಿಗೆ ಮುರಿಯಿತು. ಕಿಟಕಿ ಬಾಗಿಲಿಗೆ ತೇಗದಂಥ ಮರವಿಲ್ಲ, ಆದರೆ ಪೆಟ್ಟನ್ನು ನುಂಗುವ ಗುಣ ಅದಕ್ಕೆ ಕಡಿಮೆ.

ಬೆಣೆ ಹೊಡೆದು ಸೀಳಿದ ಮರದ ಕಥೆ ಬೇರೆ. ಸೀಳು ಎಳೆಯನ್ನೇ ಹಿಡಿದು ಹೋಗುತ್ತದೆ, ಮರ ತನ್ನ ದಾರಿಯನ್ನು ತಾನೇ ತೋರಿಸಿಕೊಡುತ್ತದೆ. ಆ ದಾರಿ ಡೊಂಕಾಗಿದ್ದರೆ ಆ ತುಂಡನ್ನು ಸೌದೆಗೆ ಹಾಕಿ ಇನ್ನೊಂದನ್ನು ಸೀಳಬೇಕು. ಹವ್ಯಾಸಿಗೆ ಈ ಬಿಡುವ ಮನಸ್ಸು ಬರುವುದೇ ಕಷ್ಟ. ಮಲೆನಾಡಿನ ಕಡೆ ತಡಸಲು, ದಿಂಡಿಗದಂಥ ಮರಗಳೂ ಬಯಲುಸೀಮೆಯಲ್ಲಿ ಜಾಲಿಯೂ ಕಾವಿಗೆ ಹೆಸರಾದದ್ದು ಅವು ಬಾಗಿ, ಅದುರಿ, ಮತ್ತೆ ನೆಟ್ಟಗಾಗುವ ಗುಣಕ್ಕೆ. ಹಿತ್ತಲಿನ ಸೀಬೆ ಕೊಂಬೆಯೂ ಸಣ್ಣ ಕೈಗೊಡಲಿಗೆ ಸಾಕು.

ಇನ್ನೊಂದು ತೊಡಕು ಎರವಲು ನಿಯಮಗಳದ್ದು. ಅಮೆರಿಕದ ಕೈಪಿಡಿಗಳು ಹಿಕರಿ ಮರವನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಅದರ ವರ್ಷದ ಉಂಗುರಗಳು ಸ್ಪಷ್ಟವಾಗಿ ಕಾಣುತ್ತವೆ, ಆದ್ದರಿಂದ ಉಂಗುರಗಳು ಅಲಗಿನ ಸಾಲಿಗೆ ಸಮವಾಗಿರಲಿ ಎಂದು ಅವು ಹೇಳುತ್ತವೆ. ಅಲ್ಲಿಯ ಅರಣ್ಯ ಸೇವೆ 1999ರಲ್ಲಿ ಹೊರತಂದ, ಬರ್ನಿ ವೈಸ್‌ಗರ್ಬರ್ ಅವರ ಕೊಡಲಿ ಕೈಪಿಡಿ ನಿಜಕ್ಕೂ ಒಳ್ಳೆಯ ಪುಸ್ತಕ. ಆದರೆ ನಮ್ಮ ಹಲವು ಮರಗಳಲ್ಲಿ ಆ ಉಂಗುರಗಳೇ ಸರಿಯಾಗಿ ಕಾಣುವುದಿಲ್ಲ. ಕಾಣದ ಉಂಗುರ ಎಣಿಸುತ್ತ ಕೂರುವ ಬದಲು ಕಣ್ಣೆದುರಿನ ಎಳೆ ನೋಡಬೇಕು. ಜಿಂಕೆಯ ಕಾಲಿನಂತೆ ಬಳುಕಿದ ಹಿಡಿಯೂ ಅಲ್ಲಿಂದಲೇ ಬಂದದ್ದು. ನೇರ ಮರದಿಂದ ಆ ಬಳುಕು ಕೆತ್ತಿದರೆ ತಿರುವಿನಲ್ಲೆಲ್ಲ ಎಳೆ ತುಂಡಾಗುತ್ತದೆ. ನಮ್ಮ ನೆಟ್ಟನೆಯ ಕಾವನ್ನು ಒರಟು ಎನ್ನುವವರು ಇದನ್ನು ಗಮನಿಸಿಲ್ಲ.

ದಪ್ಪದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಮುರಿದೀತೆಂಬ ಅಂಜಿಕೆಯಿಂದ ಮರ ಉಳಿಸಿಕೊಳ್ಳುತ್ತಾರೆ. ದಪ್ಪ ಕಾವು ಬಾಗುವುದಿಲ್ಲ. ಪ್ರತಿ ಪೆಟ್ಟಿನ ಅದುರು ನೇರ ಮಣಿಕಟ್ಟಿಗೆ ಬರುತ್ತದೆ. ಇಲ್ಲಿ ಹಳೆಯ ಕಾವೇ ಗುರು. ಅಮೆರಿಕದ ಕವಿ ಗ್ಯಾರಿ ಸ್ನೈಡರ್ 1983ರಲ್ಲಿ ಪ್ರಕಟಿಸಿದ ಕವನ ಸಂಕಲನದ ಹೆಸರೇ ಕನ್ನಡದಲ್ಲಿ ‘ಕೊಡಲಿ ಕಾವುಗಳು’ ಎಂದಾಗುತ್ತದೆ. ಮಗನಿಗೆ ಕೈಗೊಡಲಿಯ ಕಾವು ಮಾಡಿಕೊಡುವಾಗ, ಕೆತ್ತುತ್ತಿರುವ ಕೊಡಲಿಯ ಕಾವೇ ಮಾದರಿ ಎಂಬ ಹಳೆಯ ಚೀನೀ ಮಾತು ಆ ಕವಿಗೆ ನೆನಪಾಗುತ್ತದೆ. ಮೂರನೆಯ ಶತಮಾನದ ಚೀನೀ ಲೇಖಕ ಲು ಜಿ ಅದನ್ನು ಬರವಣಿಗೆಯ ಬಗ್ಗೆ ಹೇಳಿದ್ದ. ನಾನು ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತೇನೆ. ವರ್ಷಗಟ್ಟಲೆ ದುಡಿದ ಕಾವು ಎಲ್ಲಿ ತೆಳುವಾಗಿದೆ, ಎಲ್ಲಿ ಉಬ್ಬಿದೆ ಎಂಬುದನ್ನು ಬೆರಳಿನಿಂದ ಓದಿದರೆ ಬೇರೆ ನಕ್ಷೆ ಬೇಡ. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯಲ್ಲಿ ಕಾವಿಗೆ ಅಂಟಿದ ಕೆಟ್ಟ ಹೆಸರು ಈ ಗುರುವಿಗೆ ಒಪ್ಪುವಂಥದ್ದಲ್ಲ ಎಂದು ನನಗೆ ಅನ್ನಿಸುತ್ತದೆ.

ಕೂರಿಸುವ ಕೆಲಸ ಕೆತ್ತನೆಗಿಂತ ದೊಡ್ಡದು. ಕೊಡಲಿಯ ಕಣ್ಣಿಗೆ ಕಾವನ್ನು ಸ್ವಲ್ಪ ತೂರಿಸಿ, ಅಲಗು ಕೆಳಗೆ ತೂಗುವಂತೆ ಹಿಡಿದು, ಕಾವಿನ ಹಿಂತುದಿಗೆ ಮರದ ಸುತ್ತಿಗೆಯಿಂದ ಹೊಡೆಯಿರಿ. ತನ್ನ ಭಾರದಿಂದಲೇ ಕಬ್ಬಿಣ ಅಲುಗದೆ ನಿಂತು, ಕಾವು ಒಳಗಿಳಿಯುತ್ತದೆ. ಹೊರತೆಗೆದು, ಉಜ್ಜಿ ಕಪ್ಪಾದ ಕಡೆ ಮಾತ್ರ ಅರದಿಂದ ತೇಯ್ದು, ಮತ್ತೆ ತೂರಿಸಬೇಕು. ಹತ್ತು ಸಲವಾದರೂ ಆಗಬೇಕಾದ ಈ ಕೆಲಸವನ್ನು ಹೆಚ್ಚಿನವರು ದೊಡ್ಡ ಬೆಣೆ ಜಡಿದು ಮುಗಿಸುತ್ತಾರೆ. ಬೇಸಿಗೆಯಲ್ಲಿ ಕಾವು ಒಣಗಿ ಕೊಡಲಿ ಸಡಿಲವಾದಾಗ ಬಕೆಟ್ ನೀರಿನಲ್ಲಿ ಮುಳುಗಿಸುತ್ತಾರೆ. ನೆನೆದ ಮರ ಊದಿ ಬಿಗಿಯುತ್ತದೆ, ಆದರೆ ಕಬ್ಬಿಣಕ್ಕೆ ಒತ್ತಿದ ಎಳೆ ಜಜ್ಜಿಹೋಗಿ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಸಡಿಲ ಕೊಡಲಿ ಕಾವಿನಿಂದ ಕಳಚಿ ಹಾರಿದರೆ ಎದುರಿಗಿದ್ದವರ ಗತಿ ಹೇಳಬೇಕಾಗಿಲ್ಲ.

ವಾರ್ನಿಷ್ ಬೇಡವೇ ಬೇಡ, ಅಂಗೈಗೆ ಗುಳ್ಳೆ ಬರುತ್ತದೆ. ಒಡೆದ ಗಾಜಿನ ಅಂಚಿನಿಂದ ಕೆರೆದು, ಅಗಸೆ ಎಣ್ಣೆ ಕುಡಿಸಿದರೆ ಸಾಕು. ಆ ಎಣ್ಣೆ ಬಟ್ಟೆಯನ್ನು ಮುದುರಿ ಎಸೆಯದೆ ಬಿಡಿಸಿ ಒಣಗಿಸಿ. ಮುದುರಿಟ್ಟರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು.

ಹೊಸ ಕಾವನ್ನು ಗೋಡೆಗೆ ನೇತುಹಾಕುವ ಮೊದಲು ಒಂದು ಗಾಡಿ ಸೌದೆ ಒಡೆಯಿರಿ. ನಿಮ್ಮ ಮನೆಯಲ್ಲಿ ಹಳೆಯ ಮುರುಕು ಕಾವು ಇದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಮುಂದಿನ ಕಾವಿನ ಅಳತೆ ಅದರಲ್ಲಿದೆ.