ಜಿಲ್ಲೆಯ ಹುಟ್ಟು, ನೆಲೆಯ ಹುಟ್ಟು: ಉತ್ತರ ಕನ್ನಡದ ಗ್ಯಾಸೆಟಿಯರನ್ನು ಕುರಿತು ಒಂದು ವಿಮರ್ಶೆ

ಒಂದು ನಾಡಿನಲ್ಲಿ ಜನ ನೆಲೆಸಿದ ಇತಿಹಾಸವೇ ಬೇರೆ, ಆ ನಾಡಿನ ಮೇಲೆ ಕಚೇರಿಯೊಂದು ನೆಲೆಗೊಂಡ ಇತಿಹಾಸವೇ ಬೇರೆ. ಈ ಮಾತು ಸ್ವಯಂಸಿದ್ಧವೆಂದು ತೋರಬಹುದು. ಆದರೂ ಜಿಲ್ಲೆಗಳನ್ನು ಕುರಿತ ಗ್ರಂಥಗಳಲ್ಲಿ ಇವೆರಡೂ ಬೆರೆತುಹೋಗಿರುವುದೇ ಹೆಚ್ಚು. ಮುಂಬಯಿ ಗ್ಯಾಸೆಟಿಯರಿನ ಹದಿನೈದನೆಯ ಸಂಪುಟವಾಗಿ 1883ರಲ್ಲಿ ಪ್ರಕಟವಾದ ಉತ್ತರ ಕನ್ನಡದ ವೃತ್ತಾಂತವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗುಜರಾತಿನಲ್ಲಿ ನೆಲೆಸಿರುವ ನಮಗೆ ಈ ಗ್ರಂಥ ಪರಕೀಯವಲ್ಲ. ಜೇಮ್ಸ್ ಕ್ಯಾಂಬೆಲ್ಲರು ಸಂಪಾದಿಸಿದ ಇದೇ ಮಾಲೆಯಲ್ಲಿ ಸೂರತ್ ಮತ್ತು ಭರೂಚ್ ಸಂಪುಟ 1877ರಲ್ಲಿಯೂ ಅಹಮದಾಬಾದಿನ ಸಂಪುಟ 1879ರಲ್ಲಿಯೂ ಹೊರಬಂದವು. ಕಾರವಾರವೂ ಅಹಮದಾಬಾದೂ ಒಂದೇ ಪ್ರಾಂತಕ್ಕೆ ಸೇರಿದ್ದುದರಿಂದಲೇ ಸತ್ಯೇಂದ್ರನಾಥ ಠಾಕೂರರು ಎರಡೂ ಕಡೆ ನ್ಯಾಯಾಧೀಶರಾಗಿರುವುದು ಸಾಧ್ಯವಾಯಿತು. ಅವರ ತಮ್ಮ ರವೀಂದ್ರನಾಥರು 1878ರಲ್ಲಿ ಇಲ್ಲಿಯ ಶಾಹಿಬಾಗಿನ ಅರಮನೆಯಲ್ಲಿಯೂ ಕೆಲವು ವರ್ಷಗಳ ತರುವಾಯ ಕಾರವಾರದ ಕಡಲತಡಿಯಲ್ಲಿಯೂ ಅಣ್ಣನೊಡನೆ ತಂಗಿದ್ದರು.

ಕಾರವಾರ ಮುಂಬಯಿ ಪ್ರಾಂತಕ್ಕೆ ಸೇರಿದ ಬಗೆ ಗಮನಾರ್ಹವಾಗಿದೆ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕನ್ನಡ ಕರಾವಳಿ ಕಂಪನಿಯ ವಶವಾಗಿ, ಥಾಮಸ್ ಮನ್ರೋ ಅಲ್ಲಿಯ ಕಲೆಕ್ಟರರಾದರು. ಮದ್ರಾಸಿನ ಆಡಳಿತಕ್ಕೊಳಪಟ್ಟಿದ್ದ ಆ ವಿಶಾಲ ಜಿಲ್ಲೆಯನ್ನು ಮುಂದೆ ಇಬ್ಭಾಗಿಸಿ, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿಗೆ ಒಪ್ಪಿಸಲಾಯಿತು. ಇದರ ಹಿಂದಿದ್ದ ಮುಖ್ಯ ಕಾರಣ ಹತ್ತಿ. ಧಾರವಾಡದ ಹತ್ತಿಗೆ ಸಮೀಪದ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯಿಸುತ್ತಿದ್ದರು. 1861ರಲ್ಲಿ ಅಮೆರಿಕೆಯ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ ಆ ಒತ್ತಾಯ ಇಮ್ಮಡಿಸಿತು. ಭಾರತದ ಹತ್ತಿಯನ್ನೆಲ್ಲ ಲ್ಯಾಂಕಾಶೈರಿನ ನೇಕಾರರು ‘ಸೂರತ್’ ಎಂದೇ ಕರೆಯುತ್ತಿದ್ದ ದಿನಗಳವು. ಜಿಲ್ಲೆಯ ಎಲ್ಲೆಯನ್ನು ಎಳೆದ ಕೈ ಅಲ್ಲಿ ವಾಸಿಸುವವರದಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅಮೆರಿಕೆಯ ಹೆಸರು ಬಂದುದರಿಂದ ಆ ದೇಶದ ಕೌಂಟಿ ಚರಿತ್ರೆಗಳೊಡನೆ ಒಂದು ಹೋಲಿಕೆ ಅಪ್ರಸ್ತುತವಾಗಲಾರದು. 1785ರ ಭೂಶಾಸನದಂತೆ ಅಲ್ಲಿಯ ಪಶ್ಚಿಮದ ನೆಲವನ್ನು ಆರು ಮೈಲಿಗಳ ಚೌಕಗಳಾಗಿ ಅಳೆದು, ಪ್ರತಿಯೊಂದನ್ನೂ 640 ಎಕರೆಗಳ 36 ಭಾಗಗಳಾಗಿ ವಿಂಗಡಿಸಿ ಮಾರಿದರು. ಅಲ್ಲಿಯ ಸ್ಥಳೀಯ ಚರಿತ್ರೆಕಾರರು ಸಾಮಾನ್ಯವಾಗಿ ‘ಮೊದಲ ನೆಲೆಸಿಗ’ನ ಮರದ ಮನೆಯಿಂದ ಕಥೆಯನ್ನಾರಂಭಿಸಿ ನ್ಯಾಯಾಲಯದ ಕಟ್ಟಡಕ್ಕೆ ತಂದು ಮುಗಿಸುತ್ತಾರೆ. ಫ್ರೆಡರಿಕ್ ಜಾಕ್ಸನ್ ಟರ್ನರರು 1893ರಲ್ಲಿ ಮಂಡಿಸಿದ ವಾದ ಈ ದೃಷ್ಟಿಗೆ ಸಿದ್ಧಾಂತದ ಗೌರವವನ್ನು ತಂದಿತು: ಮುಂದೆ ಮುಂದೆ ಸರಿಯುವ ಗಡಿಯೂ ಅದರಾಚೆಯ ‘ಬರಿಯ ನೆಲ’ವೂ ಅಮೆರಿಕೆಯನ್ನು ರೂಪಿಸಿದವೆಂಬುದು ಅವರ ಅಭಿಪ್ರಾಯ. ಆ ನೆಲ ಬರಿದಾಗಿರಲಿಲ್ಲ. ಅಲ್ಲಿಯ ಮೂಲಜನರನ್ನು ಒಪ್ಪಂದದಿಂದಲೋ ಬಲಾತ್ಕಾರದಿಂದಲೋ ತೆರವು ಮಾಡಿಸಲಾಗಿತ್ತೆಂದು ಅನಂತರದ ವಿದ್ವಾಂಸರು ಅವರನ್ನು ಖಂಡಿಸಿದ್ದಾರೆ.

ನಮ್ಮ ಗ್ಯಾಸೆಟಿಯರು ಅಷ್ಟು ದೂರ ಹೋಗುವುದಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಜನವಸತಿಯ ಪ್ರಕರಣದಲ್ಲಿ ಹವ್ಯಕರು, ಹಾಲಕ್ಕಿ ಒಕ್ಕಲಿಗರು, ಸಿದ್ದಿಗಳು ಮೊದಲಾದವರ ಉಡುಗೆ, ಊಟ, ಕಸುಬುಗಳನ್ನು ಸಂಗ್ರಹಿಸಿರುವ ಶ್ರಮ ಅಸಾಧಾರಣವಾದುದು. ಕದಂಬರ ರಾಜಧಾನಿಯಾಗಿದ್ದ ಬನವಾಸಿ ಈ ಜಿಲ್ಲೆಯಲ್ಲಿಯೇ ಇರುವುದರಿಂದ ನಾಡಿನ ಪ್ರಾಚೀನತೆಯನ್ನು ಅಲ್ಲಗಳೆಯುವುದೂ ಸಾಧ್ಯವಿರಲಿಲ್ಲ. ಮನ್ರೋ ಅವರೇ ಹಳೆಯ ಕಡತಗಳನ್ನು ನೋಡಿ, ಇಲ್ಲಿಯ ಭೂಮಿ ಬಹುಕಾಲದಿಂದ ಖಾಸಗಿ ಸ್ವತ್ತಾಗಿದ್ದಿತೆಂದು 1800ರಲ್ಲಿ ವರದಿ ಮಾಡಿದ್ದರು.

ಕೊರತೆ ಕಾಣುವುದು ಕಂದಾಯ ಮತ್ತು ಅರಣ್ಯದ ವಿಷಯ ಬಂದಾಗ. ಇತಿಹಾಸ ಪ್ರಕರಣದಲ್ಲಿ ಪ್ರಾಚೀನವಾಗಿದ್ದ ನಾಡು, ಆಡಳಿತದ ಪ್ರಕರಣದಲ್ಲಿ ಸರ್ವೆಯ ಸರಪಳಿ ಬೀಳುವವರೆಗೆ ಅವ್ಯವಸ್ಥಿತವಾದ ಕಾಡಾಗಿಬಿಡುತ್ತದೆ. ಕುಮರಿ ಬೇಸಾಯವನ್ನು ಉದಾಹರಿಸಬಹುದು. ಕಾಡಿನ ಒಂದು ತುಂಡನ್ನು ಕಡಿದು, ಸುಟ್ಟು, ಒಂದೆರಡು ವರ್ಷ ರಾಗಿ ಮೊದಲಾದುವನ್ನು ಬಿತ್ತಿ, ಮತ್ತೆ ಹಲವು ವರ್ಷ ಬೀಳುಬಿಡುವುದು ಅದರ ಕ್ರಮ. ಬೀಳುಬಿಟ್ಟ ಕಾಲದಲ್ಲಿ ಸರ್ವೆ ನಡೆದರೆ ಆ ನೆಲಕ್ಕೆ ಒಡೆಯನೇ ಇಲ್ಲವೆಂದು ದಾಖಲೆಯಾಗುತ್ತದೆ. ಗದ್ದೆಯ ಲೆಕ್ಕದಲ್ಲಿಯೂ ಸ್ಥಿತಿ ಬೇರೆಯಲ್ಲ: ವರ್ಗದಾರನ ಹೆಸರು ಪುಸ್ತಕದಲ್ಲಿ ಉಳಿಯಿತು, ಉಳುತ್ತಿದ್ದ ಚಾಲಗೇಣಿಯ ಒಕ್ಕಲಿನ ಹೆಸರು ಉಳಿಯಲಿಲ್ಲ. ಪುಸ್ತಕದಲ್ಲಿ ಹೆಸರಿದ್ದವರಿಗೂ ನೆಮ್ಮದಿಯಿರಲಿಲ್ಲವೆಂಬುದಕ್ಕೆ, ಹೊಸ ಕಂದಾಯವನ್ನು ಪ್ರಶ್ನಿಸಿ ಭೂಮಾಲಿಕರು ಮುಂಬಯಿ ಹೈಕೋರ್ಟಿನವರೆಗೆ ಹೋಗಿ 1875ರಲ್ಲಿ ಸೋತ ವೈಕುಂಠ ಬಾಪೂಜಿ ಮೊಕದ್ದಮೆಯೇ ಸಾಕ್ಷಿ.

ಇದೆಲ್ಲ ಹಳೆಯ ಪುಸ್ತಕದ ಹಳೆಯ ದೋಷವೆಂದು ವಾಚಕರು ಭಾವಿಸಬಾರದು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದರೆಂದು ಸಿದ್ಧಪಡಿಸಬೇಕು. 2008ರ ನಿಯಮಗಳು ಅಂಗೀಕರಿಸುವ ಸಾಕ್ಷ್ಯಗಳ ಪಟ್ಟಿಯಲ್ಲಿ ಗ್ಯಾಸೆಟಿಯರಿನ ಹೆಸರು ಸ್ಪಷ್ಟವಾಗಿದೆ. ಉತ್ತರ ಕನ್ನಡದಲ್ಲಿ ಬಹುಸಂಖ್ಯೆಯ ಅರ್ಜಿಗಳು ಸಾಕ್ಷ್ಯವಿಲ್ಲವೆಂದು ಬಿದ್ದುಹೋಗಿವೆ. ಯಾರನ್ನು ನೆಲೆಯಿಲ್ಲದವರೆಂದು ಬಗೆದು ಕಚೇರಿ ಬರೆದುಕೊಳ್ಳಲಿಲ್ಲವೋ, ಅವರಿಂದಲೇ ಕಚೇರಿಯ ಬರಹವನ್ನು ಕೇಳುವುದು ಎಂತಹ ನ್ಯಾಯ? ಕಾಳಿನದಿಯ ಅಣೆಕಟ್ಟಿನಲ್ಲಿ ತಾಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ಅಲ್ಲಿಂದ ಎದ್ದು ಬಂದವರು ಬಾವಿಯನ್ನಾಗಲಿ ಗುಡಿಯನ್ನಾಗಲಿ ಕೈತೋರಿಸಿ ಸಾಕ್ಷಿ ಹೇಳುವಂತೆಯೂ ಇಲ್ಲ.

ಬ್ಯಾಂಕಿನ ಕೆಲಸದಲ್ಲಿ ಒಂದು ಸಣ್ಣ ನಿಯಮವಿದೆ. ಹೊಸ ಖಾತೆ ಪುಸ್ತಕವನ್ನು ತೆರೆದಾಗ ಮೊದಲ ಸಾಲಿನಲ್ಲಿ ಹಿಂದಿನ ಪುಸ್ತಕದ ಶಿಲ್ಕನ್ನು ಬರೆಯಲೇಬೇಕು. ಪುಸ್ತಕ ಹೊಸದೆಂದ ಮಾತ್ರಕ್ಕೆ ಠೇವಣಿದಾರ ಹೊಸಬನಾಗುವುದಿಲ್ಲ. 1799ರಲ್ಲಿ ಮತ್ತು 1862ರಲ್ಲಿ ತೆರೆದ ಪುಸ್ತಕಗಳಲ್ಲಿ ಕಾಡಿನವರ ಶಿಲ್ಕು ಬರೆಯದೆ ಉಳಿಯಿತು. ಅದೇ ನಿಯಮಗಳು ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವೆಂದು ಸ್ವೀಕರಿಸಲು ಅವಕಾಶ ಕೊಟ್ಟಿವೆ. ಗ್ಯಾಸೆಟಿಯರನ್ನು ಆ ಹೇಳಿಕೆಗಳ ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಅದರ ನಿಜವಾದ ಬೆಲೆ ತಿಳಿಯುತ್ತದೆ. ಗ್ರಾಮದೇವತೆಯ ಹೆಸರು, ಕಾನಿನ ಹೆಸರು, ಕುಲದ ಹಾಡು ಇವುಗಳನ್ನು ಸಂಗ್ರಹಿಸುವುದು ವಿದ್ವಾಂಸರ ವಿನೋದಕ್ಕಾಗಿ ಮಾತ್ರ ಮಾಡುವ ಕೆಲಸವಲ್ಲವೆಂದು ಇದರಿಂದ ವ್ಯಕ್ತವಾಗುತ್ತದೆ.

ಈ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ನಾನಿರುವ ವಸ್ತ್ರಾಪುರ ಹಿಂದೆ ಊರ ಹೊರಗಿನ ಹಳ್ಳಿಯಾಗಿದ್ದು, ನಗರ ಬೆಳೆದು ಅದನ್ನು ಒಳಗೊಂಡಿತು. ಹೊಸ ಕಟ್ಟಡಗಳಿಗೆ ಬಂದ ನಾವು ಕೆರೆಯನ್ನು ನೋಡುತ್ತೇವೆ. ಕೆರೆಯ ನೀರನ್ನು ಬಳಸಿದವರನ್ನು ವಿಚಾರಿಸುವುದಿಲ್ಲ. ಗುಜರಾತಿನ ಕನ್ನಡಿಗರ ಚರಿತ್ರೆಯನ್ನು ನಾವು ಮುಂದೆ ಬರೆಯುವಾಗಲೂ ಸಂಘ ನೋಂದಣಿಯಾದ ದಿನವನ್ನೇ ಮೊದಲ ದಿನವೆಂದು ಬಗೆಯದೆ, ಯಾವ ಸಂಘದ ಪಟ್ಟಿಯಲ್ಲಿಯೂ ಹೆಸರಿಲ್ಲದೆ ಗಿರಣಿಯಲ್ಲಿಯೋ ಹೋಟೆಲಿನಲ್ಲಿಯೋ ದುಡಿದು ಹೋದವರನ್ನು ಮೊದಲ ಸಾಲಿನಲ್ಲಿ ನೆನೆಯುವುದು ಉಚಿತ.